ಮಗನಿಗಾಗಿ ನಗಿಸಿದ ತಂದೆ

ಹಳೆಯ ಇಂಗ್ಲಿಷ್ ಹಾಸ್ಯಚಿತ್ರಗಳ ಜೋಡಿ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವವರು ಲಾರೆಲ್ ಮತ್ತು ಹಾರ್ಡಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಜೋಡಿ ಇನ್ನೊಂದಿದೆ: ಬಡ್ ಅಬಟ್ ಮತ್ತು ಲೂ ಕಾಸ್ಟೆಲೊ. ಅಬಟ್ ತೆಳ್ಳನೆಯ, ಸದಾ ಗದರುವ ಮನುಷ್ಯ. ಕಾಸ್ಟೆಲೊ ಕುಳ್ಳಗೆ, ದುಂಡಗೆ, ಮಾತುಮಾತಿಗೂ ಬೆಪ್ಪಾಗುವ ದೊಡ್ಡ ಮಗು.

ಲೂ ಅವರ ನಿಜವಾದ ಹೆಸರು ಲೂಯಿ ಫ್ರಾನ್ಸಿಸ್ ಕ್ರಿಸ್ಟಿಲೊ. 1906ರ ಮಾರ್ಚ್ 6ರಂದು ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದಲ್ಲಿ ಜನನ. ತಂದೆ ಇಟಲಿಯವರು, ಮನೆತನ ಕಥೋಲಿಕ. 1927ರಲ್ಲಿ ಸಿನಿಮಾ ಕನಸು ಹೊತ್ತು ಹಾಲಿವುಡ್ಡಿಗೆ ಹೋದ ಯುವಕನಿಗೆ ಸಿಕ್ಕಿದ್ದು ಸ್ಟುಡಿಯೋದ ಕೂಲಿ ಕೆಲಸ, ನಟರ ಬದಲು ಎತ್ತರದಿಂದ ಬೀಳುವ ಕೆಲಸ. ಬರಿಗೈಯಲ್ಲಿ ಹಿಂದಿರುಗಿದ ಅವರು ನಟಿ ಹೆಲೀನ್ ಕಾಸ್ಟೆಲೊ ಅವರ ಕುಲನಾಮವನ್ನು ತಮ್ಮದಾಗಿಸಿಕೊಂಡು, ಬರ್ಲೆಸ್ಕ್ ಎಂಬ ಅಗ್ಗದ ರಂಗಮಂದಿರಗಳನ್ನು ಸೇರಿದರು.

ಅಲ್ಲಿನ ಹಾಸ್ಯಕ್ಕೆ ಇಬ್ಬರು ಬೇಕು. ಒಬ್ಬ ಗಂಭೀರವಾಗಿ ಪ್ರಶ್ನೆ ಹಾಕುವವನು, ಇನ್ನೊಬ್ಬ ಪೆದ್ದ. ವಿಚಿತ್ರವೆಂದರೆ, ಹೆಚ್ಚು ಪಾಲು ಸಲ್ಲುತ್ತಿದ್ದುದು ಗಂಭೀರನಿಗೆ. ಮಾತಿನ ಲಯ ಹಿಡಿಯುವವನು ಅವನೇ ಅಲ್ಲವೇ! 1936ರಲ್ಲಿ ಒಂದಾದ ಈ ಜೋಡಿಯೂ ಮೊದಲು ಹಾಗೆಯೇ ಹಂಚಿಕೊಂಡಿತು. 1938ರಲ್ಲಿ ಆಕಾಶವಾಣಿ ಅವರನ್ನು ಮನೆಮನೆಗೆ ಮುಟ್ಟಿಸಿತು. ಬೇಸ್‌ಬಾಲ್ ತಂಡವೊಂದರ ಆಟಗಾರರ ಹೆಸರುಗಳೇ ಯಾರು, ಏನು, ಗೊತ್ತಿಲ್ಲ ಎಂದಾಗಿ, ಕೇಳಿದ ಪ್ರಶ್ನೆಯೇ ಉತ್ತರವಾಗುವ ಅವರ ಸಂಭಾಷಣೆ ಅಮೆರಿಕದಲ್ಲಿ ಈಗಲೂ ಜನಪ್ರಿಯ. 1941ರ ‘ಬಕ್ ಪ್ರೈವೇಟ್ಸ್’ ಅವರನ್ನು ತಾರೆಗಳನ್ನಾಗಿಸಿತು. ಬಳಿಕ ನೌಕಾಪಡೆಯ ಹಾಸ್ಯ, ದೆವ್ವದ ಮನೆಯ ಹಾಸ್ಯ, 1948ರಲ್ಲಿ ಫ್ರಾಂಕೆನ್‌ಸ್ಟೈನ್ ಭೂತದೊಂದಿಗಿನ ಹಾಸ್ಯ ಹೀಗೆ ಒಟ್ಟು 36 ಚಿತ್ರಗಳು.

1943ರಲ್ಲಿ ಲೂ ರುಮ್ಯಾಟಿಕ್ ಜ್ವರದಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಇಬ್ಬರು ಹೆಣ್ಣುಮಕ್ಕಳ ನಂತರ ಹುಟ್ಟಿದ ಗಂಡುಮಗು ಲೂ ಜೂನಿಯರ್, ಮನೆಯವರ ಬಾಯಲ್ಲಿ ಬುಚ್. ಆ ನವೆಂಬರ್ 4ರ ಗುರುವಾರ ತಂದೆ ಆಕಾಶವಾಣಿಗೆ ಮರಳುವ ದಿನ. ರಾತ್ರಿ ಮಗುವನ್ನು ಎಚ್ಚರವಾಗಿರಿಸು, ರೇಡಿಯೋದಲ್ಲಿ ನನ್ನ ದನಿ ಗುರುತಿಸುತ್ತಾನೋ ನೋಡೋಣ ಎಂದು ಪತ್ನಿ ಆ್ಯನ್‌ಗೆ ಹೇಳಿ ತಾಲೀಮಿಗೆ ಹೋದರು. ಕೆಲ ಗಂಟೆಗಳಲ್ಲಿ ಕರೆ ಬಂತು. ಆಟದ ಕಟಕಟೆಯಿಂದ ಹೊರಬಂದ ಮಗು ಮನೆಯ ಈಜುಕೊಳಕ್ಕೆ ಬಿದ್ದು ತೀರಿಕೊಂಡಿತ್ತು. ಮೊದಲ ಹುಟ್ಟುಹಬ್ಬಕ್ಕೆ ಉಳಿದಿದ್ದುದು ಎರಡೇ ದಿನ.

ಕಾರ್ಯಕ್ರಮಕ್ಕೆ ಬೇರೆಯವರನ್ನು ನೋಡಿಕೊಳ್ಳಬಹುದಿತ್ತು. ಲೂ ಒಪ್ಪಲಿಲ್ಲ. ತನ್ನ ದನಿ ಕೇಳಿಸುತ್ತೇನೆಂದು ಮಗುವಿಗೆ ಕೊಟ್ಟ ಮಾತು. ಅವನು ಈಗ ಎಲ್ಲಿದ್ದಾನೋ ಅಲ್ಲಿಂದಲೇ ಕೇಳಲಿ ಎಂಬುದು ಅವರ ನಿಲುವು. ಆ ರಾತ್ರಿ ಅವರು ಬಂದರು, ಜನರನ್ನು ನಗಿಸಿದರು. ಕಾರ್ಯಕ್ರಮ ಮುಗಿಯುವಾಗ ಅಬಟ್ ವಿಷಯ ತಿಳಿಸಿದರು. ಹೆಂಡತಿಯ ಬಳಿ ಇರಬೇಕಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಮಗುವನ್ನು ಮಣ್ಣಿಗಿಟ್ಟ ಮನೆಯವರು ಮಾತ್ರ ಹಾಗೆ ಕೇಳಲಾರರು ಎಂದು ನನಗನಿಸುತ್ತದೆ.

ಆಮೇಲೆ ಲೂ ಮೊದಲಿನಂತಾಗಲಿಲ್ಲ. ಮಗನ ಹೆಸರಿನ ಕೈಬಳೆ ಮಣಿಕಟ್ಟಿನಲ್ಲೇ ಉಳಿಯಿತು. ಅವರೇನೂ ಸಂತರಲ್ಲ, ಮುಂಗೋಪಿ, ಜೂಜಿನ ಚಟ ಬೇರೆ. 1945ರಲ್ಲಿ ಮನೆಗೆಲಸದವಳೊಬ್ಬಳ ವಿಷಯಕ್ಕೆ ಅಬಟ್ ಜೊತೆ ಜಗಳವಾಡಿ, ಕ್ಯಾಮರಾದ ಮುಂದಲ್ಲದೆ ಮಾತೇ ನಿಲ್ಲಿಸಿದರು! ಲೂ ಕಟ್ಟಲು ಹೊರಟಿದ್ದ ಮಕ್ಕಳ ಕೇಂದ್ರಕ್ಕೆ ಬುಚ್‌ನ ಹೆಸರಿಡೋಣವೆಂದು ಅಬಟ್ ಸೂಚಿಸಿದಾಗ ಆ ಮುನಿಸು ಕರಗಿತು. ಲಾಸ್ ಏಂಜಲೀಸಿನ ಬಡ ಬಡಾವಣೆಯ ಮಕ್ಕಳಿಗಾಗಿ 1947ರಲ್ಲಿ ಆ ಕೇಂದ್ರ ತೆರೆಯಿತು. ಆಟದ ಮೈದಾನ, ಈಜುಕೊಳ ಎಲ್ಲವೂ ಇತ್ತು. ಮಗನನ್ನು ನೀರಿಗೆ ಕೊಟ್ಟ ತಂದೆ ಪರರ ಮಕ್ಕಳಿಗೆ ಈಜುಕೊಳ ಕಟ್ಟಿಸಿದರು.

ಬಾಕಿ ತೆರಿಗೆ ಇಬ್ಬರನ್ನೂ ಹಿಂಡಿತು. 1957ರಲ್ಲಿ ಜೋಡಿ ಬೇರೆಯಾಯಿತು. 1959ರ ಮಾರ್ಚ್ 3ರಂದು, 53 ತುಂಬಲು ಮೂರು ದಿನಗಳಿರುವಾಗ, ಲೂ ಹೃದಯಾಘಾತದಿಂದ ನಿಧನರಾದರು. ಅದೇ ಡಿಸೆಂಬರಿನಲ್ಲಿ ಆ್ಯನ್ ಕೂಡ ತೀರಿಕೊಂಡರು. ಲಾಸ್ ಏಂಜಲೀಸಿನ ಕಥೋಲಿಕರ ಕ್ಯಾಲ್ವರಿ ಸ್ಮಶಾನದಲ್ಲಿ, ಬುಚ್ ಮಲಗಿರುವಲ್ಲೇ ಅವರಿಬ್ಬರೂ ಇದ್ದಾರೆ.