ಹೆನ್ರಿ ಗ್ಯಾಂಟ್

ಹೆನ್ರಿ ಲಾರೆನ್ಸ್ ಗ್ಯಾಂಟ್ (ಮೇ 20, 1861 – ನವೆಂಬರ್ 23, 1919) ಅಮೆರಿಕದ ಯಂತ್ರಶಾಸ್ತ್ರದ ಎಂಜಿನಿಯರ್ ಹಾಗೂ ಕಾರ್ಖಾನೆ ಆಡಳಿತದ ಸಲಹೆಗಾರರು. ಕೆಲಸದ ವೇಳಾಪಟ್ಟಿಯನ್ನು ಅಡ್ಡಪಟ್ಟಿಗಳಲ್ಲಿ ತೋರಿಸುವ ‘ಗ್ಯಾಂಟ್ ನಕ್ಷೆ’ ಇವರ ಹೆಸರಿನದು. ತಂತ್ರಾಂಶ ತಂಡಗಳು ಅದನ್ನು ಇಂದಿಗೂ ಬಳಸುತ್ತವೆ.

ಗ್ಯಾಂಟ್ ಜನಿಸಿದ್ದು ಮೇರಿಲ್ಯಾಂಡಿನ ಜಮೀನುದಾರ ಕುಟುಂಬದಲ್ಲಿ. ಅಂತರ್ಯುದ್ಧದಿಂದ ಆ ಕುಟುಂಬ ಬಡತನಕ್ಕಿಳಿಯಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪದವಿಯ ನಂತರ ಕೆಲಕಾಲ ಶಿಕ್ಷಕರಾಗಿದ್ದು, ಸ್ಟೀವನ್ಸ್ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಕಲಿತರು. 1887ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆ ಸೇರಿ ಫ್ರೆಡರಿಕ್ ಟೇಲರ್ ಅವರೊಡನೆ ದುಡಿದರು.

ಟೇಲರ್ ಅವರ ಪದ್ಧತಿಯಲ್ಲಿ ಗುರಿ ಮುಟ್ಟದ ಕಾರ್ಮಿಕನಿಗೆ ಕೂಲಿಯ ದರವೇ ಇಳಿಯುತ್ತಿತ್ತು. ಗ್ಯಾಂಟ್ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ 1901ರಲ್ಲಿ ತಂದ ಪದ್ಧತಿಯಲ್ಲಿ ದಿನಗೂಲಿ ಖಚಿತವಾಗಿತ್ತು. ನಿಗದಿತ ಕೆಲಸ ಮುಗಿಸಿದವನಿಗೆ ಅದರ ಮೇಲೆ ಬೋನಸ್. ತನ್ನ ಕೈಕೆಳಗಿನವರು ಬೋನಸ್ ಗಳಿಸಿದರೆ ಮೇಸ್ತ್ರಿಗೂ ಪಾಲು ಸಿಗುತ್ತಿದ್ದುದರಿಂದ, ಗದರಿಸುವುದಕ್ಕಿಂತ ಕಲಿಸುವುದೇ ಅವನಿಗೆ ಲಾಭದಾಯಕವಾಯಿತು.

1910ರ ದಶಕದಲ್ಲಿ ರೂಪುಗೊಂಡ ನಕ್ಷೆಗಳು ಯೋಜಿಸಿದ ಕೆಲಸವನ್ನೂ ನಡೆದ ಕೆಲಸವನ್ನೂ ಒಂದೇ ಕಾಲರೇಖೆಯ ಮೇಲೆ ತೋರಿಸುತ್ತಿದ್ದವು. ಯಂತ್ರ ನಿಂತಿದ್ದರೆ ಅದರ ಕಾರಣವನ್ನೂ ನಮೂದಿಸಲಾಗುತ್ತಿತ್ತು: ಸಾಮಗ್ರಿಯ ಕೊರತೆ, ದುರಸ್ತಿ, ಆಳಿನ ಅಭಾವ ಇತ್ಯಾದಿ. ಹೀಗಾಗಿ ವಿಳಂಬದ ಹೊಣೆ ಅನೇಕ ವೇಳೆ ಕಾರ್ಮಿಕನನ್ನು ಬಿಟ್ಟು ಆಡಳಿತದ ಮೇಲೆ ಬೀಳುತ್ತಿತ್ತು. ನಕ್ಷೆಯನ್ನು ಕೇವಲ ಗಡುವಿನ ಪಟ್ಟಿಯಾಗಿ ಕಾಣುವ ಇಂದಿನ ಬಳಕೆಯಲ್ಲಿ ಈ ಅಂಶ ಮರೆಯಾಗಿದೆ. ಕೆಲಸಗಳ ಪರಸ್ಪರ ಅವಲಂಬನೆಯನ್ನು ಸೂಚಿಸುವ ಬಾಣಗಳು ಮೂಲ ನಕ್ಷೆಯಲ್ಲಿರಲಿಲ್ಲ. ಅವು ನಂತರದ ಸೇರ್ಪಡೆ.

ಪೋಲೆಂಡಿನ ಕರೋಲ್ ಆಡಮೆಟ್ಸ್ಕಿ 1896ರಲ್ಲೇ ಇಂಥದೊಂದು ನಕ್ಷೆ ರಚಿಸಿದ್ದರೂ, ಅವರ ಬರಹಗಳು ಪೋಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಿದ್ದುದರಿಂದ ಹೆಸರು ಗ್ಯಾಂಟ್ ಅವರಿಗೇ ಉಳಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಹಡಗು ನಿರ್ಮಾಣಕ್ಕೂ ಈ ನಕ್ಷೆ ಬಳಕೆಯಾಯಿತು. ಗ್ಯಾಂಟ್ ನಿಧನರಾದ ಮೂರು ವರ್ಷಗಳ ನಂತರ, 1922ರಲ್ಲಿ, ಸಹೋದ್ಯೋಗಿ ವ್ಯಾಲೇಸ್ ಕ್ಲಾರ್ಕ್ ಬರೆದ ಪುಸ್ತಕವು ಅದನ್ನು ಇತರ ದೇಶಗಳಿಗೆ ಪರಿಚಯಿಸಿತು.