ಜಿಪ್ಪಿನ ಹಲ್ಲು ಎಣಿಸಿದ ಇಂಜಿನಿಯರ್

ಸೆಮಿಸ್ಟರ್ ರಜೆ ಬಂತೆಂದರೆ ಹಾಸ್ಟೆಲಿನಲ್ಲಿ ಯಾರದ್ದಾದರೂ ಸೂಟ್‌ಕೇಸಿನ ಜಿಪ್ಪು ಕೈಕೊಟ್ಟೇ ಕೊಡುತ್ತೆ. ಆಗ ನಾವೆಲ್ಲ ಬೈಯೋದು ಅದರ ಹಲ್ಲನ್ನ. ಬಹಳ ಸಲ ಕೆಟ್ಟಿರೋದು ಹಲ್ಲಲ್ಲ, ಅದರ ಮೇಲೆ ಓಡಾಡೋ ರನ್ನರು. ಹಲ್ಲಿಗೂ ರನ್ನರಿಗೂ ಹೊಂದಾಣಿಕೆ ತರಲು ಏಳು ವರ್ಷ ತಲೆ ಕೆಡಿಸಿಕೊಂಡವನು ಗಿಡಿಯನ್ ಸುಂಡ್‌ಬ್ಯಾಕ್.

1880ರ ಏಪ್ರಿಲ್ 24ರಂದು ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯದ ರೈತನ ಮನೆಯಲ್ಲಿ ಹುಟ್ಟಿದ ಈತ, ಜರ್ಮನಿಯ ಬಿಂಗೆನ್‌ನಲ್ಲಿ ಇಂಜಿನಿಯರಿಂಗ್ ಓದಿದ. 1905ರಲ್ಲಿ ಅಮೆರಿಕಕ್ಕೆ ಹೋಗಿ ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಂಪನಿ ಸೇರಿದ. ಅದು ವಿದ್ಯುತ್ ಯಂತ್ರಗಳ ದೊಡ್ಡ ಕಂಪನಿ. ಈಗಿನ ನಮ್ಮ ಲೆಕ್ಕದಲ್ಲಿ ಒಳ್ಳೇ ಪ್ಲೇಸ್‌ಮೆಂಟು! ಅದನ್ನ ಬಿಟ್ಟು 1906ರಲ್ಲಿ ಸೇರಿದ್ದು ಹೋಬೋಕನ್‌ನಲ್ಲಿದ್ದ, ಕೊಕ್ಕೆ ತಯಾರಿಸೋ ಸಣ್ಣ ಕಂಪನಿಯನ್ನ.

ಆ ಕೊಕ್ಕೆಗೆ 1893ರಲ್ಲೇ ಪೇಟೆಂಟ್ ಪಡೆದಿದ್ದವನು ವಿಟ್‌ಕಾಂಬ್ ಜಡ್ಸನ್. ಸಾಲಾಗಿ ಕೊಕ್ಕೆ, ಕುಣಿಕೆ, ಅವನ್ನ ಸೇರಿಸಲು ಒಂದು ರನ್ನರು. ಯೋಚನೆ ಚೆನ್ನಾಗಿತ್ತು, ಆದರೆ ಬಗ್ಗಿದರೆ ಕಳಚಿಕೊಳ್ತಿತ್ತು. ಜನರ ಮಾನ ಕಳೆಯೋ ವಸ್ತುವನ್ನ ಯಾರು ಎರಡನೇ ಸಲ ಕೊಳ್ತಾರೆ?

ಸುಂಡ್‌ಬ್ಯಾಕ್ ಅದನ್ನೇ ತಿದ್ದುತ್ತಾ ಹೋದ. 1909ರಲ್ಲಿ ಕಾರ್ಖಾನೆಯ ಮ್ಯಾನೇಜರ್ ಪೀಟರ್ ಆರೊನ್ಸನ್ನನ ಮಗಳು ಎಲ್ವಿರಾಳನ್ನ ಮದುವೆಯಾದ. ಎರಡೇ ವರ್ಷ, 1911ರಲ್ಲಿ ಅವಳು ತೀರಿಕೊಂಡಳು. ಆಮೇಲೆ ಈತ ಪೂರ್ತಿ ಡ್ರಾಯಿಂಗ್ ಬೋರ್ಡಿಗೆ ಅಂಟಿಕೊಂಡ. ಕೊಕ್ಕೆಯನ್ನೇ ಬಿಟ್ಟು ಮಾಡಿದ ಮೊದಲ ವಿನ್ಯಾಸದಲ್ಲಿ ಒಂದು ಬದಿಯ ಲೋಹದ ದವಡೆಗಳು ಇನ್ನೊಂದು ಬದಿಯ ಬಟ್ಟೆ ಅಂಚನ್ನ ಕಚ್ಚಿ ಹಿಡೀತಿದ್ದವು. ಅದೂ ಸೋತಿತು. ಬಟ್ಟೆ ಬೇಗ ಸವೆದುಹೋಗ್ತಿತ್ತು.

1913ರ ಡಿಸೆಂಬರ್ ಹೊತ್ತಿಗೆ ಉತ್ತರ ಸಿಕ್ಕಿತು. ಎರಡೂ ಬದಿಗೆ ಒಂದೇ ಥರದ ಹಲ್ಲು, ಪ್ರತಿ ಹಲ್ಲಿಗೂ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಒಂದರ ಉಬ್ಬು ಮುಂದಿನದರ ತಗ್ಗಿನಲ್ಲಿ ಕೂರುತ್ತೆ. ಇಂಚಿಗೆ ನಾಲ್ಕಿದ್ದ ಕೊಂಡಿ ಹತ್ತಾಯಿತು. ಹತ್ತಿರ ಹತ್ತಿರ ಇರೋದರಿಂದ ಬಗ್ಗಿದರೂ ಕಳಚಲ್ಲ. ಸಾಲಿನ ಮಧ್ಯದಲ್ಲಿ ಒಂದು ಹಲ್ಲನ್ನ ಎಳೆದರೆ ಅಕ್ಕಪಕ್ಕದವು ಬಿಡೋದಿಲ್ಲ. ತುದಿಯಿಂದ ರನ್ನರೇ ಒಂದೊಂದಾಗಿ ಓರೆ ಮಾಡಿ ಬಿಡಿಸಬೇಕು. ಇಷ್ಟು ಸಣ್ಣ ಹಲ್ಲನ್ನ ಲೆಕ್ಕವಿಲ್ಲದಷ್ಟು ಮಾಡೋಕೆ ಯಂತ್ರವನ್ನೂ ಇವನೇ ಕಟ್ಟಿದ. ವೈ ಆಕಾರದ ತಂತಿಯನ್ನ ಕತ್ತರಿಸಿ, ಉಬ್ಬು ಒತ್ತಿ, ಪಟ್ಟಿಗೆ ಕಚ್ಚಿಸೋ ಯಂತ್ರ. ಲೋಹ ಚೂರೂ ವ್ಯರ್ಥವಾಗದು. ನಮಗೆ ಜಿಪ್ಪಿಗಿಂತ ಇದೇ ದೊಡ್ಡ ಕೆಲಸ ಅನ್ನಿಸುತ್ತೆ. ಪೇಟೆಂಟ್ ಸಿಕ್ಕಿದ್ದು 1917ರಲ್ಲಿ.

ಈಗಿನ ಸೂಟ್‌ಕೇಸುಗಳಲ್ಲಿ ಹೆಚ್ಚಾಗಿ ಇರೋದು ಬಿಡಿ ಹಲ್ಲಲ್ಲ, ಸುರುಳಿ ಸುತ್ತಿದ ಪ್ಲಾಸ್ಟಿಕ್ ಎಳೆ. ರನ್ನರಿನ ಕೆಲಸ ಮಾತ್ರ ಅದೇ: ಎರಡು ಸಾಲನ್ನ ಸರಿಯಾದ ಕೋನದಲ್ಲಿ ತಂದು ಒತ್ತೋದು. ತುಂಬಿದ ಸೂಟ್‌ಕೇಸಿನ ಮೇಲೆ ಕೂತು ಜಿಪ್ಪು ಎಳೆದಾಗ ರನ್ನರಿನ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತೆ, ಒತ್ತಡ ಸಾಲದೆ ಹಿಂದೆ ಹಿಂದೆ ಬಿಚ್ಚಿಕೊಳ್ಳುತ್ತೆ. ಆಗ ರನ್ನರನ್ನ ಪೂರ್ತಿ ಶುರುವಿಗೆ ತಂದು, ಹಿಂಭಾಗದ ಎರಡೂ ಬದಿಯನ್ನ ಕಟಿಂಗ್ ಪ್ಲೇಯರಿನಲ್ಲಿ ಸಮನಾಗಿ, ಮೆಲ್ಲಗೆ ಒತ್ತಿ ನೋಡಿ. ಜೋರು ಮಾಡಿದರೆ ಮುರಿಯುತ್ತೆ. ಒಳಬಟ್ಟೆ ಸಿಕ್ಕಿಕೊಂಡಿದ್ರೆ ಮುಂದಕ್ಕೆ ಎಳೀಬೇಡಿ. ಬಟ್ಟೆಯನ್ನ ಪಕ್ಕಕ್ಕೆ ಎಳೆಯುತ್ತಾ ರನ್ನರನ್ನ ಹಿಂದಕ್ಕೆ ತನ್ನಿ. ಬರೀ ಬಿಗಿಯಾಗಿದ್ರೆ ಹಳೇ ಟೂತ್‌ಬ್ರಷ್ಷಿನಲ್ಲಿ ಧೂಳು ತೆಗೆದು ಮೇಣದಬತ್ತಿ ಉಜ್ಜಿದರೆ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ, ಧೂಳು ಅಂಟುತ್ತೆ. ಎಳೆಯೇ ಹರಿದಿದ್ರೆ ಹೊಸ ರನ್ನರ್ ಹಾಕಿಸಿದರೂ ಪ್ರಯೋಜನವಿಲ್ಲ, ಜಿಪ್ಪನ್ನೇ ಬದಲಾಯಿಸಬೇಕು.

ಸುಂಡ್‌ಬ್ಯಾಕ್‌ನ ಕಂಪನಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಿಗೆ ಹೋಗಿ ಅಲ್ಲೇ ಬೆಳೆಯಿತು. ಕೆನಡಾದಲ್ಲೂ ಈತ ಕಾರ್ಖಾನೆ ನಡೆಸಿದ. 1954ರ ಜೂನ್ 21ರಂದು ತೀರಿಕೊಂಡ. ಜಿಪ್ಪರ್ ಅನ್ನೋ ಹೆಸರು ಅವನಿಟ್ಟಿದ್ದಲ್ಲ. 1923ರಲ್ಲಿ ಗುಡ್‌ರಿಚ್ ಕಂಪನಿ ತನ್ನ ರಬ್ಬರ್ ಬೂಟುಗಳಿಗೆ ಇಟ್ಟ ಹೆಸರದು. ಇವನ ಪೇಟೆಂಟಿನಲ್ಲಿ ಇರೋದು ಬಿಡಿಸಬಹುದಾದ ಬಂಧಕ ಅಂತ ಅಷ್ಟೆ.