ಅಲ್ಝೈಮರ್ ಯಾರು? ‘ಅರಳು ಮರಳು’ ಎಂದು ಸುಮ್ಮನಾಗದ ವೈದ್ಯರ ಕಥೆ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲೂ ಕೇಳುತ್ತದೆ. ಜೊತೆಗೆ ಇನ್ನೊಂದು ನಂಬಿಕೆ: ವೃದ್ಧಾಶ್ರಮದಲ್ಲಿ ಅಜ್ಜಿ ರಾತ್ರಿಯೆಲ್ಲ ಕೂಗಿದರೆ ಒಂದು ಮಾತ್ರೆ ಕೊಟ್ಟರಾಯಿತು. ಎರಡೂ ಎಷ್ಟು ಸರಿ? ಅಲ್ಝೈಮರ್ ಎಂಬ ವೈದ್ಯರಿಂದಲೇ ಶುರು ಮಾಡೋಣ. ಹೌದು, ಅದು ಮೊದಲು ಮನುಷ್ಯನ ಹೆಸರು.

1864ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅಲೋಯಿಸ್ ಅಲ್ಝೈಮರ್ 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆ ಸೇರಿದರು. ಅಲ್ಲಿ ರೋಗಿಗಳನ್ನು ಕಟ್ಟಿಹಾಕುವ ಬದಲು ಬೆಚ್ಚಗಿನ ನೀರಿನಲ್ಲಿ ಬಹಳ ಹೊತ್ತು ಕೂರಿಸಿ ಸಮಾಧಾನಪಡಿಸುತ್ತಿದ್ದರು.

1901 ಅವರಿಗೆ ಕೆಟ್ಟ ವರ್ಷ. ಮೂವರು ಮಕ್ಕಳನ್ನು ಬಿಟ್ಟು ಹೆಂಡತಿ ತೀರಿಕೊಂಡರು. ಅದೇ ನವೆಂಬರ್‌ನಲ್ಲಿ ಆಗಸ್ಟೆ ಡೀಟರ್ ಎಂಬ ಮಹಿಳೆ ದಾಖಲಾದರು. ವಯಸ್ಸು ಬರೀ 51. ಗಂಡನ ಮೇಲೆ ಸಂಶಯದಿಂದ ಶುರುವಾದದ್ದು ಮರೆವು, ಕಿರುಚಾಟಕ್ಕೆ ತಿರುಗಿತ್ತು. ಅಲ್ಝೈಮರ್ ಪಕ್ಕದಲ್ಲಿ ಕೂತು ಕೇಳುತ್ತ ಹೋದರು: ಹೆಸರೇನು, ಗಂಡನ ಹೆಸರೇನು, ಈಗ ತಿನ್ನುತ್ತಿರುವುದೇನು. ಗಂಡನ ಹೆಸರಿಗೂ ಆಕೆ ಆಗಸ್ಟೆ ಎಂದರು, ತಟ್ಟೆಯಲ್ಲಿದ್ದ ಹೂಕೋಸನ್ನು ಪಾಲಕ್ ಎಂದರು. ಎಲ್ಲವನ್ನೂ ಅವರು ಬರೆದಿಟ್ಟರು. ಆ ಕಡತ 1995ರಲ್ಲಿ ಮತ್ತೆ ಸಿಕ್ಕಿತು.

ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ಕಲೆ ಮತ್ತು ಗಂಟುಗಳನ್ನು ಸಭೆಯೊಂದರಲ್ಲಿ ವಿವರಿಸಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ! 1910ರಲ್ಲಿ ಕ್ರೇಪೆಲಿನ್ ರೋಗಕ್ಕೆ ಅವರ ಹೆಸರಿಟ್ಟರು. 1915ರಲ್ಲಿ, ಅವರೂ 51ನೇ ವಯಸ್ಸಿನಲ್ಲೇ ತೀರಿಕೊಂಡರು. ಅಂದರೆ ಇದು ವಯಸ್ಸಿನ ಸಹಜ ಮರೆವಲ್ಲ, ಮಿದುಳಿನ ಕಾಯಿಲೆ.

ಇನ್ನು ಮಾತ್ರೆಯ ವಿಷಯ. ಮರೆವಿನ ಕಾಯಿಲೆಯ ವೃದ್ಧರಿಗೆ ಆಂಟಿಸೈಕೋಟಿಕ್ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಎಫ್‌ಡಿಎ 2005ರಲ್ಲಿ ಎಚ್ಚರಿಸಿತು. ಅಲ್ಲಿನ 1987ರ ಕಾನೂನಿನಂತೆ, ಸಿಬ್ಬಂದಿಯ ಅನುಕೂಲಕ್ಕಾಗಿ ಮಾತ್ರೆ ಕೊಟ್ಟು ವೃದ್ಧರನ್ನು ಮಂಕಾಗಿಸುವಂತಿಲ್ಲ. 120ಕ್ಕಿಂತ ಹೆಚ್ಚು ಹಾಸಿಗೆಯಿರುವ ವೃದ್ಧರ ಆರೈಕೆ ಕೇಂದ್ರದಲ್ಲಿ ಪೂರ್ಣಾವಧಿ ಸಮಾಜಕಾರ್ಯಕರ್ತರು ಇರಲೇಬೇಕು.

ಅವರ ಕೆಲಸವೂ ಅಲ್ಝೈಮರ್ ಮಾಡಿದಂತೆ ಪಕ್ಕದಲ್ಲಿ ಕೂತು ಕೇಳುವುದರಿಂದ ಶುರು. ಅಜ್ಜಿ ಕೂಗುತ್ತಿರುವುದು ನೋವಿಗೋ, ಮಲಬದ್ಧತೆಗೋ, ಮೂತ್ರದ ಸೋಂಕಿಗೋ, ಮಕ್ಕಳು ಬಾರದ್ದಕ್ಕೋ? ಹೊಸ ಮಾತ್ರೆಯ ನಂತರ ಬೀಳುತ್ತಿದ್ದಾರಾ, ಹಗಲೆಲ್ಲ ತೂಕಡಿಸುತ್ತಿದ್ದಾರಾ? ಇದನ್ನೆಲ್ಲ ವೈದ್ಯರಿಗೂ ಮನೆಯವರಿಗೂ ಮುಟ್ಟಿಸುವವರು ಅವರೇ. ನಮ್ಮ ಹೆಚ್ಚಿನ ವೃದ್ಧಾಶ್ರಮಗಳಲ್ಲಿ ಇದನ್ನು ಕೇಳಬೇಕಾದವರು ಸದ್ಯಕ್ಕೆ ಮನೆಯವರೇ.

ಈ ಫಾರ್ವರ್ಡ್ ಓದಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೆಲವರಿಗೆ ಅದು ನಿಜಕ್ಕೂ ಬೇಕು. ಚೀಟಿ ಹಿಡಿದು ವೈದ್ಯರನ್ನು, ಇಲ್ಲವೇ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ಕೇಳಿ. ಟೆಲಿ-ಮಾನಸ್ ಉಚಿತ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.